ವಿನ್‌ಥ್ರಪ್ ಬಾಯಿ ಬಿಟ್ಟ ದಿನ

ಧ್ವನಿಪರೀಕ್ಷೆಯ ಕೋಣೆಯ ಬಾಗಿಲವರೆಗೂ ಬಂದ ಆಲ್ಡನ್ ವಿನ್‌ಥ್ರಪ್, ಒಳಗೆ ತೂಗುತ್ತಿದ್ದ ಮೈಕನ್ನು ನೋಡಿದವನೇ ಸರಕ್ಕನೆ ತಿರುಗಿ ನಡೆದುಬಿಟ್ಟ. ಆ ವಾರದಲ್ಲಿ ಇದು ಎರಡನೆಯ ಸಲ. ಅಮೆರಿಕದ ಅರ್ಧದಷ್ಟು ಹೆಂಗಸರನ್ನು ಒಂದು ಕಣ್ಣೋಟದಲ್ಲಿ ಸೋಲಿಸಿದ್ದ ನಾಯಕ ತಗಡಿನ ಡಬ್ಬಿಯೊಂದಕ್ಕೆ ಹೆದರಿದ್ದು ಸ್ಟುಡಿಯೋದವರಿಗೆಲ್ಲ ತಮಾಷೆಯಾಗಿತ್ತು.

"ಕೋಳಿ ಧ್ವನಿ ಇರ್ಬೇಕು ಕಣೋ," ಎಂದ ದೀಪದವನು.

"ಕೋಳಿಗಾದ್ರೂ ಕೂಗೋಕೆ ಬರತ್ತೆ," ಎಂದ ಬಡಗಿ.

1928ರ ಮಾತು. ಹಾಲಿವುಡ್‌ನಲ್ಲಿ ಮೂಕಚಿತ್ರಗಳ ಕಾಲ ಮುಗಿಯುತ್ತಿತ್ತು. ನ್ಯೂಯಾರ್ಕಿನ ಮಾಲೀಕರು ಸ್ಪಷ್ಟವಾಗಿ ಹೇಳಿದ್ದರು: ವಿನ್‌ಥ್ರಪ್ ಮಾತಾಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಅವನ ಧ್ವನಿ ಬಿದ್ದುಹೋದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆಗೆಲ್ಲ ಹತ್ತಿರದ ನೋಟಕ್ಕೆ ನಾಯಕ; ದೂರದ ನೋಟಕ್ಕೆ ಅವನದೇ ಬಟ್ಟೆ, ಅವನದೇ ಮೀಸೆ, ಅವನದೇ ಬಣ್ಣದ ಬದಲಿಯಾಳು. ಮುತ್ತು ಒಬ್ಬನಿಗೆ, ಪೆಟ್ಟು ಇನ್ನೊಬ್ಬನಿಗೆ. ವಿನ್‌ಥ್ರಪ್‌ನ ಬದಲಿಯಾಳು ಕ್ಲೆಮ್ ಟಕರ್, ವಯೋಮಿಂಗ್ ಕಡೆಯ ಸವಾರ. ಎತ್ತರ, ಭುಜ, ಮೂಗು ಎಲ್ಲ ಒಂದೇ ಅಚ್ಚು. ಅವನ ಹೆಸರು ಮಾತ್ರ ಪರದೆಯ ಮೇಲೆ ಎಂದೂ ಬಂದದ್ದಿಲ್ಲ.

ಐದು ವರ್ಷಗಳ ಹಿಂದೆ, ಕಣಿವೆಯ ಚಿತ್ರೀಕರಣದಲ್ಲಿ ಸವಾರರೆಲ್ಲ ಸೇರಿ ವಿನ್‌ಥ್ರಪ್‌ನನ್ನು ಗೋಳು ಹೊಯ್ದುಕೊಂಡಿದ್ದರು. "ದೊರೆ, ಕುದುರೆಗೆ ಬಾಲ ಯಾವ ಕಡೆ ಇರತ್ತೆ ಅಂತಾದ್ರೂ ಗೊತ್ತಾ?" ಅವನ ಮುಖ ಕೆಂಪಾಗಿತ್ತು. ಮರುದಿನ ಬೆಳಿಗ್ಗೆ, ಮಿಕ್ಕವರು ಇನ್ನೂ ಡೇರೆಯಲ್ಲಿದ್ದಾಗಲೇ, ವಿನ್‌ಥ್ರಪ್ ಮತ್ತು ಕ್ಲೆಮ್ ಹೋಗಿದ್ದ ಬಂಡೆಯ ಅಂಚಿನಲ್ಲಿ ಕುದುರೆ ಜಾರಿತು. ಗೊರಸಿಗೆ ಸಿಕ್ಕಿದ ಮುಖ ಗುರುತು ಹಿಡಿಯುವಂತಿರಲಿಲ್ಲ. ಕಂಡ ಇನ್ನಿಬ್ಬರು ನಿರ್ದೇಶಕ ಬೆಕರ್ ಮತ್ತು ಕ್ಯಾಮೆರಾದವನು. ಕ್ಯಾಮೆರಾದವನು ಆ ತಿಂಗಳೇ ಮೆಕ್ಸಿಕೋಗೆ ಹೊರಟುಹೋದ. ಮೊಳೆ ಹೊಡೆದ ಶವಪೆಟ್ಟಿಗೆಯನ್ನು ಕ್ಲೆಮ್‌ನ ಹೆಂಡತಿ ಹೆಟ್ಟಿಗೆ ಒಪ್ಪಿಸಿದರು.

ಅಂದಿನಿಂದ ವಿನ್‌ಥ್ರಪ್ ಬೇರೆಯೇ ಮನುಷ್ಯನಾದ. ಗೊತ್ತಾಗಿದ್ದ ಮದುವೆಯನ್ನು ಮುರಿದ. ಹಳೆಯ ಆಳುಗಳನ್ನು ಕಳಿಸಿದ. ಗೆಳೆಯರಿಗೆ ಬಾಗಿಲು ಮುಚ್ಚಿದ. ಮಾತು ಪಿಸುಮಾತಿಗೆ ಇಳಿಯಿತು. ಆಘಾತಕ್ಕೆ ಗಂಟಲು ಬಿದ್ದಿದೆ ಎಂದು ಬೆಕರ್ ಪತ್ರಿಕೆಯವರಿಗೆ ಹೇಳಿದ. ಮತ್ತೊಬ್ಬ ಬದಲಿಯಾಳನ್ನು ವಿನ್‌ಥ್ರಪ್ ಇಟ್ಟುಕೊಳ್ಳಲೇ ಇಲ್ಲ. ಓಡುವ ಕುದುರೆಯಿಂದ ತಾನೇ ಬಿದ್ದ, ರೈಲಿನ ಮೇಲೆ ತಾನೇ ಜಿಗಿದ. ಪಶ್ಚಾತ್ತಾಪ ಎಂದರೆ ಇದು ಎಂದು ಪತ್ರಿಕೆಗಳು ಕೊಂಡಾಡಿದವು. ಪತ್ರಿಕೆಗಳಿಗೇನು, ಬರೆಯಲು ಏನಾದರೂ ಬೇಕು.

ಬಣ್ಣ ಹಚ್ಚಿದ ಮೇಲೆ ಅವನು ಕನ್ನಡಿಯ ಕಡೆ ಕಣ್ಣೆತ್ತುತ್ತಿರಲಿಲ್ಲ. ಏಕೆಂದು ಕೇಳಿದ ಬಣ್ಣ ಹಚ್ಚುವವಳಿಗೆ ಒಮ್ಮೆ ಪಿಸುಗುಟ್ಟಿದ್ದ: "ಅಲ್ಲಿ ಸತ್ತವನು ಕೂತಿರ್ತಾನೆ." ಭಾನುವಾರಗಳಂದು ಅವನ ಕಾರು ಹೆಟ್ಟಿಯ ಬೀದಿಯ ಕೊನೆಯಲ್ಲಿ ನಿಲ್ಲುತ್ತಿತ್ತು. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕಿ ಒಳಗೆ ಹೋಗುವವರೆಗೂ ನೋಡುತ್ತಿದ್ದು, ಹಿಂದಿರುಗುತ್ತಿದ್ದ. ದೆವ್ವ ಹಿಡಿದವನಂತಿದ್ದ ಆ ಮನುಷ್ಯನನ್ನು ಕಂಡು ನಿಜಕ್ಕೂ ಅಯ್ಯೋ ಎನಿಸುತ್ತಿತ್ತು.

ಪರೀಕ್ಷೆಯಿಂದ ಓಡಿಬಂದ ದಿನ ಬೆಕರ್ ಅವನ ಕೋಣೆಯ ಬಾಗಿಲು ಹಾಕಿಕೊಂಡು ಕೂತ.

"ಬಾಯಿ ಬಿಟ್ಯೋ, ನೀನೂ ಹೋದೆ, ನಾನೂ ಹೋದೆ. ಗಂಟಲು ವಾಸಿ ಆಗಲ್ಲ ಅಂದುಬಿಡು. ಎಲ್ಲಾದ್ರೂ ದ್ರಾಕ್ಷಿ ತೋಟ ಮಾಡ್ಕೊಂಡು ಹಾಯಾಗಿರಯ್ಯಾ."

"ಮತ್ತೆ ಹೆಟ್ಟಿ?"

"ಅವಳು ಅತ್ತು ಮುಗೀತು. ಸತ್ತೋರನ್ನ ಎಬ್ಬಿಸೋಕೆ ಹೋಗ್ಬೇಡ."

ಮಾರನೆಯ ದಿನ ಹೆಟ್ಟಿಯೇ ಬಂದಳು. ಕಾವಲಿನವನನ್ನು ತಳ್ಳಿಕೊಂಡು ನೇರವಾಗಿ ಚಿತ್ರೀಕರಣದ ಅಂಗಳಕ್ಕೆ ನುಗ್ಗಿದಳು. ವಿನ್‌ಥ್ರಪ್ ಅವಳಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

"ನಿಮ್ಮ ಚಿತ್ರ ಒಂದನ್ನೂ ನಾನು ನೋಡಿಲ್ಲ ಸಾಹೇಬ್ರೆ, ನೋಡೋದೂ ಇಲ್ಲ," ಎಂದಳು ಅವಳು. "ಭಾನುವಾರ ಊರಿಗೆ ಹೋಗ್ತಿದೀನಿ. ಅಲ್ಲೊಬ್ರು ಮದುವೆ ಆಗ್ತೀನಿ ಅಂದಿದಾರೆ. ಒಳ್ಳೆಯವರು. ಆದ್ರೆ ಮನಸ್ಸು ಒಪ್ತಾ ಇಲ್ಲ. ಕ್ಲೆಮ್‌ನ ಕೊನೇ ಹೊತ್ತಿಗೆ ನೀವು ಜೊತೇಲಿದ್ರಂತೆ. ನನ್ನ ಬಗ್ಗೆ ಏನಾದ್ರೂ ಅಂದ್ನಾ? ಅಷ್ಟು ಹೇಳಿ, ಸಾಕು."

ಅವನ ಭುಜ ಅಲುಗಿತು.

"ಪರದೆ ಮೇಲೆ ಹೊಳೆ ಹರಿಯೋ ಹಾಗೆ ಅಳ್ತೀರಂತೆ. ನನಗೊಂದು ಮಾತು ಕೊಡೋಕೆ ಇಷ್ಟು ಜಿಪುಣತನವೇ? ತಿರುಗಿ ಮುಖಾನೂ ತೋರಿಸ್ಲಿಲ್ವಲ್ಲ, ಥೂ!"

ಅವಳು ಹೊರಟುಹೋದಳು. ಆಮೇಲೆ ಅವನು ಯಾರಿಗೂ ಹೇಳದೆ ಧ್ವನಿಪರೀಕ್ಷೆಯ ಕೋಣೆಗೆ ನಡೆದ. ಬೆಕರ್ ಹಿಂದೆಯೇ ಓಡಿ ತೋಳು ಹಿಡಿದು ಎಳೆದ. ಪರೀಕ್ಷೆ ನಡೆಸಲು ಬಂದಿದ್ದ ನ್ಯೂಯಾರ್ಕಿನವರು ಬೆಕರ್‌ನನ್ನೇ ಆಚೆ ಹಾಕಿ ಬಾಗಿಲು ಮುಚ್ಚಿಕೊಂಡರು.

ಅವನ ಧ್ವನಿ ಕೇಳಿದವರಿಗೆ ಖುಷಿಯೋ ಖುಷಿ. ಪರೀಕ್ಷೆಯಲ್ಲಿ ತೆಗೆದ ಸುರುಳಿಯನ್ನು ಶನಿವಾರದ ಆಟಕ್ಕೆ ಮೊದಲು ಜನರ ಮುಂದೆ ಹಾಕಿ ನೋಡುವುದೆಂದಾಯಿತು. ವಿನ್‌ಥ್ರಪ್ ಕೇಳಿಕೊಂಡದ್ದು ಒಂದೇ: ಮುಂದಿನ ಸಾಲಿನ ಒಂದು ಟಿಕೆಟ್. ಅದನ್ನು ಡ್ರೈವರ್ ಕೈಯಲ್ಲಿ ಹೆಟ್ಟಿಗೆ ಕಳಿಸಿ, ನಿಮಗೆ ಕೊಡಬೇಕಾದ ಮಾತು ಅಲ್ಲಿದೆ ಎಂದು ಹೇಳಿಸಿದ.

ಶನಿವಾರ ಥಿಯೇಟರ್ ಕಿಕ್ಕಿರಿದಿತ್ತು. ಕೋಳಿ ಕೂಗು ಕೇಳಲೆಂದೇ ಬಂದವರು ಬಹಳ. ಹೆಟ್ಟಿ ಬಂದಳು, ಆದರೆ ಅವನ ಮುಖ ನೋಡುವ ಮನಸ್ಸಾಗದೆ ದೀಪ ಆರಿದೊಡನೆ ಕಣ್ಣು ಮುಚ್ಚಿ ಕೂತಳು. ಪರದೆಯ ಮೇಲೆ ವಿನ್‌ಥ್ರಪ್ ಟೋಪಿ ತೆಗೆದ. ಬರೆದುಕೊಟ್ಟ ಸಾಲನ್ನೇ ಹೇಳಿದ.

"ತಡವಾಯ್ತು, ಗೊತ್ತು. ದಾರೀಲಿ ಕುದುರೆ ಕುಂಟ್ತು."

ಗಡುಸಾದ, ಎದೆಯಾಳದ ಧ್ವನಿ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಹೆಟ್ಟಿ ಕಣ್ಣು ಬಿಟ್ಟು, ಕುರ್ಚಿ ಹಿಡಿದು ಎದ್ದು ನಿಂತಳು. ಹಿಂದಿನವರು ಕೂತ್ಕೊಳಮ್ಮಾ ಎಂದು ಗದರಿದರು. ಅವಳು ಅವರ ಕಡೆ ತಿರುಗಿದಳು.

"ಇದು ನನ್ನ ಗಂಡನ ಧ್ವನಿ ಕಣ್ರೀ, ನನ್ನ ಕ್ಲೆಮ್! ಹಾಗಾದ್ರೆ ನಾನು ಮಣ್ಣು ಮಾಡಿದ್ದು ಯಾರನ್ನ?"