ವಿಶ್ವಾಸಪ್ರಮಾಣದ ಮೊದಲ ಸಾಲು

"ಆ ಹೆಂಗಸಿನ ಕಿವಿಗೆ ಈ ವಿಷ ಹಾಕಿದೋರು ನೀವೇ ತಾನೆ, ಮೇಷ್ಟ್ರೇ?"

ಸಭೆಯ ಹಿರಿಯ ಅಂಜನಮೂರ್ತಿ ಕೇಳಿದ ಈ ಪ್ರಶ್ನೆಗೆ ಗುಬ್ಬಿಯ ಹಿರಿಯರಾದ ದಾಸಯ್ಯ ಮೇಷ್ಟ್ರು ತಲೆಯೆತ್ತಲಿಲ್ಲ. ತುಮಕೂರಿನ ಚರ್ಚಿಗೆ ಹೊಂದಿಕೊಂಡ ಕೋಣೆಯಲ್ಲಿ, ಮೇಜಿನ ಈಚೆ ಕುಳಿತಿದ್ದ ಸಭಾಪಾಲಕ ಯೋಹಾನ ಚನ್ನವೀರಯ್ಯನವರು ಉತ್ತರಕ್ಕಾಗಿ ಕಾದರು. ಉತ್ತರ ಬಾರದೇ ಹೋಗಲಿ ಎಂದೂ ಒಳಗೊಳಗೇ ಬೇಡಿಕೊಂಡರು.

ಆರೋಪ ಸಣ್ಣದಾಗಿರಲಿಲ್ಲ. ಗುಬ್ಬಿಯ ಪ್ರಾರ್ಥನಾಮಂದಿರದಲ್ಲಿ ಪುಟ್ಟಗಂಗಮ್ಮ ಎಂಬಾಕೆ ವಿಶ್ವಾಸಪ್ರಮಾಣದ ಮೊದಲ ಸಾಲಿಗೆ ತುಟಿ ಬಿಗಿಯುತ್ತಿದ್ದಳು. ಪರಲೋಕ ಭೂಲೋಕಗಳನ್ನು ಉಂಟುಮಾಡಿದ ದೇವರನ್ನು ನಂಬುತ್ತೇವೆಂದು ಉಳಿದವರು ಹೇಳುವಾಗ ಅವಳದು ಮೌನ. ಯೇಸುವಿನ ಹೆಸರು ಬಂದೊಡನೆ ದನಿ. ಪಕ್ಕದವಳು ಕಾರಣ ಕೇಳಿದ್ದಕ್ಕೆ, "ಈ ಲೋಕ ಮಾಡಿದೋನು ಬೇರೆ ಕಣೇ, ಕಣ್ಣಿಲ್ಲದೋನು. ನಮ್ಮಪ್ಪ ಅವನಲ್ಲ" ಎಂದಿದ್ದಳಂತೆ.

ಮಾತು ಕಿವಿಗೆ ಬಿದ್ದೊಡನೆ ಚನ್ನವೀರಯ್ಯನವರಿಗೆ ಅದರ ಕುಲಗೋತ್ರ ತಿಳಿಯಿತು. ಆದಿಸಭೆಯನ್ನು ಕಾಡಿದ ಜ್ಞಾನವಾದಿಗಳ ಮತವದು. ಜಗತ್ತನ್ನು ಕಟ್ಟಿದವನು ಕೀಳು ದೇವತೆ, ತನ್ನ ಮೇಲೊಬ್ಬನಿರುವುದನ್ನೇ ಅರಿಯದವನು. ದೇಹವೊಂದು ಸೆರೆಮನೆ; ಒಳಗೆ ಸಿಕ್ಕಿಬಿದ್ದಿರುವುದು ಬೆಳಕಿನ ಕಿಡಿ. ಬಿಡುಗಡೆಯಾಗುವುದು ಗುಟ್ಟಾದ ಅರಿವಿನಿಂದ. ಶಿಲುಬೆಯ ನೋವು ಬರಿಯ ತೋರಿಕೆ. ಸಭೆ ನಂಬಿದ್ದು ಇದಕ್ಕೆ ತೀರ ವಿರುದ್ಧ. ಎಲ್ಲವನ್ನೂ ಮಾಡಿದವನು ಒಬ್ಬನೇ, ಮಾಡಿದ್ದನ್ನು ಒಳ್ಳೆಯದೆಂದು ಕಂಡವನು. ಅವನ ಮಗ ನಿಜವಾಗಿ ರಕ್ತ ಸುರಿಸಿದವನು. ಮಣ್ಣಿಗಿಟ್ಟ ದೇಹವೂ ಏಳುವುದು.

ಈ ಅಂತರವನ್ನು ಚನ್ನವೀರಯ್ಯನವರಷ್ಟು ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿರಲಿಲ್ಲ. ಈಜಿಪ್ಟಿನಲ್ಲಿ ದೊರೆತ ಆ ಜ್ಞಾನವಾದಿಗಳ ಹಳೆಯ ಬರಹಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಇನ್ನೂ ಎರಡು ವರ್ಷವಾಗಿರಲಿಲ್ಲ; ಬೆಂಗಳೂರಿನಿಂದ ತರಿಸಿ ಓದಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಸೊಗಸಾಗಿ ಮಂಡಿಸಿ, ಆಮೇಲೆ ಮುರಿಯುವುದು ಅವರ ಹೆಮ್ಮೆಯ ಪದ್ಧತಿ. ಆ ಪುಸ್ತಕವನ್ನು ಎರವಲು ಕೇಳಿ ಒಯ್ದವರು ಒಬ್ಬರೇ: ದಾಸಯ್ಯ ಮೇಷ್ಟ್ರು.

ಇನ್ನೊಂದು ಸಾಕ್ಷಿಯೂ ಇತ್ತು. ಪುಟ್ಟಗಂಗಮ್ಮನ ಒಬ್ಬಳೇ ಮಗಳು ತುಮಕೂರಿನ ಆಸ್ಪತ್ರೆಯಲ್ಲಿ ಜ್ವರದಿಂದ ನರಳಿ ತೀರಿಕೊಂಡಾಗ, ಗುಬ್ಬಿಯಲ್ಲಿ ಮಣ್ಣಿನ ಪ್ರಾರ್ಥನೆ ನಡೆಸಿದವರೂ ಮೇಷ್ಟ್ರೇ. ನಡೆಸಬೇಕಾಗಿದ್ದವರು ಚನ್ನವೀರಯ್ಯನವರು. ಆದರೆ ಅಂದು ಭಾನುವಾರ. ಇದೇ ಜ್ಞಾನವಾದಿಗಳನ್ನು ಖಂಡಿಸಲು ಹಿಂದಿನ ವಾರ ತೊಡಗಿದ್ದ ಬೋಧನೆ ತುಮಕೂರಿನಲ್ಲಿ ಮುಗಿಯಬೇಕಿತ್ತು. ಜನ ಕಿಕ್ಕಿರಿದಿದ್ದರು. "ನೀವೇ ಹೋಗಿಬನ್ನಿ ಮೇಷ್ಟ್ರೇ" ಎಂದು ಕಳಿಸಿಬಿಟ್ಟರು. ಮಗು ಗುಂಡಿಗಿಳಿಯುವ ಹೊತ್ತಿನಲ್ಲಿ ತಾವು ಮೆಚ್ಚುಗೆಯ ಮುಖಗಳನ್ನು ನೋಡುತ್ತ ನಿಂತಿದ್ದ ನೆನಪು ಅಂದಿನಿಂದ ಅವರ ಊಟವನ್ನು ಕಹಿಮಾಡಿತ್ತು. ತಮ್ಮ ಬದಲು ಹೋದವರ ಮೇಲೆಯೇ ಇಂದು ವಿಚಾರಣೆ.

"ನಾನು ಹೇಳಿಕೊಡ್ಲಿಲ್ಲ" ಎಂದರು ಮೇಷ್ಟ್ರು ಕೊನೆಗೆ. "ಮಣ್ಣಿನ ಹತ್ರ ಆಯಮ್ಮನೇ ನಂಗೆ ಹೇಳಿದ್ಲು. ತಿದ್ದೋಕೆ ನನ್ ಕೈಲಿ ಆಗ್ಲಿಲ್ಲ. ಅದು ನನ್ ತಪ್ಪೇ."

ಅಂಜನಮೂರ್ತಿ ನಕ್ಕ. "ರಿಟೈರಾದ್ಮೇಲೆ ಮೇಷ್ಟ್ರು ದೇವ್ರಿಗೇ ಮಾರ್ಕ್ಸ್ ಹಾಕೋಕೆ ಕೂತವ್ರೆ. ನೀವಲ್ದೆ ಇದ್ರೆ ಇನ್ಯಾರು ಹೇಳ್ಕೊಟ್ಟಿದ್ದು?"

ಮೇಷ್ಟ್ರು ಆಗ ಮೊದಲ ಬಾರಿಗೆ ಪಾಲಕರ ಮುಖ ನೋಡಿದರು. "ಅದೊಂದು ಕೇಳ್ಬೇಡಿ ಅಯ್ನೋರೆ. ನನ್ನ ತಲೆ ಮೇಲೇ ಇರ್ಲಿ. ಆಯಮ್ಮನ್ನ ಮಾತ್ರ ಈ ವಿಷಯಕ್ಕೆ ಎಳೀಬೇಡಿ."

ತಪ್ಪೊಪ್ಪಿಗೆಯೆಂದೇ ಸಭೆ ಅದನ್ನು ತಿಳಿಯಿತು. ಮೇಷ್ಟ್ರ ಹಿರಿಯತನ ಹೋಯಿತು. ತಾವೇ ಮನೆಮನೆಗೆ ಅಲೆದು ಕಟ್ಟಿಸಿದ ಗುಬ್ಬಿಯ ಪ್ರಾರ್ಥನಾಮಂದಿರದಲ್ಲಿ ಇನ್ನು ಅವರು ಬಾಯಿ ತೆರೆಯುವಂತಿಲ್ಲವೆಂದು ತೀರ್ಮಾನವಾಯಿತು. ಅದನ್ನು ಓದಿಹೇಳಿದವರು ಚನ್ನವೀರಯ್ಯನವರೇ.

ಮರುದಿನ ಬೆಳಿಗ್ಗೆಯೇ ಅವರು ಗುಬ್ಬಿಯ ಬಸ್ಸು ಹತ್ತಿದರು. ಮೇಷ್ಟ್ರ ಮಾತನ್ನು ಮೀರಿ ಹೊರಟಿದ್ದೇನೆಂಬ ಅಳುಕಿತ್ತು. ಆದರೆ ಕೆಟ್ಟದ್ದನ್ನು ಸರಿಪಡಿಸಿಯಾದರೂ ಮಣ್ಣಿಗೆ ಹೋಗದಿದ್ದ ಪಾಪವನ್ನು ಕಳೆದುಕೊಳ್ಳೋಣವೆಂಬ ಆಸೆ ಅದಕ್ಕಿಂತ ದೊಡ್ಡದಿತ್ತು.

ಪುಟ್ಟಗಂಗಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಎದ್ದು ಚಾಪೆ ಹಾಸಿ, ಒಳಗಿನಿಂದ ಮಜ್ಜಿಗೆ ತಂದಳು.

"ಮಗಳ ಮಣ್ಣಿಗೆ ನಾನು ಬರಲಿಲ್ಲ, ತಾಯಿ. ಕ್ಷಮಿಸು."

"ಇರ್ಲಿ ಬುಡಿ ಅಯ್ನೋರೆ. ನೀವು ಚರ್ಚಲ್ಲಿ ಇರ್ಬೇಕಿತ್ತು."

ಅವರು ಮಾತು ಆರಿಸಿ ಆರಿಸಿ ಹೇಳಿದರು. "ಲೋಕ ಮಾಡಿದವನೂ ನಮ್ಮ ತಂದೆಯೂ ಒಬ್ಬನೇ, ಪುಟ್ಟಗಂಗಮ್ಮ. ಕೊಟ್ಟವನೂ ಅವನೇ, ಕರೆದುಕೊಂಡವನೂ ಅವನೇ."

"ಹಂಗಂತ ನಂಬಿದ್ರೆ ನಾನು ಆವತ್ತೇ ಬಾವಿಗೆ ಬಿದ್ದಿರ್ತಿದ್ದೆ. ನನ್ ಮಗೂನ ಆ ಪಾಟಿ ನರಳಿಸಿದೋನು ನಮ್ಮಪ್ಪ ಅಲ್ಲ ಅಂತ ಗೊತ್ತಾದ್ಮೇಲೇ ನಂಗೆ ಪ್ರಾರ್ಥನೆಗೆ ಕೂರೋಕಾಯ್ತು."

"ಅದನ್ನು ನಿನಗೆ ಕಲಿಸಿದ್ದಕ್ಕೇ ದಾಸಯ್ಯ ಮೇಷ್ಟ್ರನ್ನು ನೆನ್ನೆ ಹಿರಿಯತನದಿಂದ ತೆಗೆದೆವು."

"ಮೇಷ್ಟ್ರನ್ನಾ? ಅವ್ರೇನು ಕಲಿಸಿದ್ರು? ನಾನು ಹೇಳಿದ್ದು ಕೇಳಿ ಗುಂಡಿ ಹತ್ರ ಸುಮ್ನೆ ಅತ್ತರು ಅಷ್ಟೇಯ."

"ಮತ್ತೆ ಯಾರಮ್ಮ? ಹೆದರಬೇಡ, ಹೇಳು."

"ಹೆದ್ರೋದೇನು? ನಾನೇ ಬಂದು ಕಾಲಿಗೆ ಬೀಳ್ಬೇಕು ಅಂತಿದ್ದೆ. ಮಗೂನ ವಾರ್ಡಲ್ಲಿ ಮಲಗಿಸಿ ಬಂದು, ಚರ್ಚಿನ ಬಾಗ್ಲಲ್ಲಿ ನಿಂತು ನಿಮ್ಮ ಬಾಯಿಂದ್ಲೇ ಕೇಳಿದ್ದಲ್ವಾ ಅಯ್ನೋರೆ. ಮಿಕ್ಕಿದ್ದು ಮುಂದಿನ ಭಾನುವಾರ ಅಂದ್ರಿ, ಆ ಭಾನುವಾರ ನಮ್ಗೆ ಮಣ್ಣಿತ್ತು."