ಭೇಟಿಯ ಹಕ್ಕು

ಠಾಣೆಯ ಅಂಗಳದಲ್ಲಿ ಮಹಿಳಾ ಪೇದೆ ಸೊಫುರಾಳ ತೋಳು ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿಸುತ್ತಿದ್ದಳು. ಅವಳನ್ನು ಗಡಿಯಾಚೆ ದಾಟಿಸಲು ಒಯ್ಯುವ ರೈಲು ಸಂಜೆಗಿತ್ತು. ಇನ್ಸ್‌ಪೆಕ್ಟರು ಓದುತ್ತಿದ್ದ ಪೇಪರನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡರು.

“ನೋಡಮ್ಮಾ, ಕೋರ್ಟು ನಿನ್ನೆ ಕಡ್ಡಿ ಮುರಿದಂಗೆ ಹೇಳ್ಬಿಡ್ತು. ಅಪ್ಪ ಅಮ್ಮ ಇಬ್ರಲ್ಲಿ ಒಬ್ರು ಗಡಿ ದಾಟಿ ಕದ್ದು ಬಂದಿದ್ರೂ ಸಾಕು, ಇಲ್ಲೇ ಹುಟ್ಟಿದ ಮಕ್ಕಳೂ ಪರದೇಶದವ್ರೇ. ಅವ್ರನ್ನೂ ಹಿಂದೇನೇ ಕಳಿಸ್ಬೇಕು.”

“ಹೌದಾ ಸಾರ್,” ಎಂದಳು ಸೊಫುರಾ. ಅರ್ಧ ಆಯುಸ್ಸು ಈ ಊರಿನ ಕಸ ಆರಿಸಿದವಳಿಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ನರ್ಸಿಂಗ್ ಕಾಲೇಜಿನ ಬಿಳಿ ಸಮವಸ್ತ್ರದ ಹುಡುಗಿಯೊಬ್ಬಳು ಗೇಟಿನಿಂದ ಓಡಿ ಬಂದಳು.

“ಸಾರ್, ಊಟ ತಂದಿದ್ದೀನಿ. ಅವರಿಗೆ.”

ಇನ್ಸ್‌ಪೆಕ್ಟರು ಡಬ್ಬಿಯ ಮುಚ್ಚಳ ತೆಗೆದರು. ಅನ್ನ, ಮೇಲೆ ಒಂದೊಂದೇ ಮುಳ್ಳು ಬಿಡಿಸಿಟ್ಟ ಮೀನು. ಕಣ್ಣು ಮಂಜಾದ ಸೊಫುರಾಳಿಗೆ ಹಾಗೆ ಮುಳ್ಳು ಬಿಡಿಸಿ ಕೊಡುವವರು ಲೋಕದಲ್ಲಿ ಒಬ್ಬರೇ ಇದ್ದರು.

ಇನ್ಸ್‌ಪೆಕ್ಟರ ಮುಖದಲ್ಲಿ ದಯೆ ಉಕ್ಕಿತು. ತಮ್ಮ ದಯೆ ತಮಗೇ ಬಹಳ ಹಿಡಿಸಿತು.

“ನಾವೂ ಮನುಷ್ಯರೇ ಕಣಮ್ಮಾ. ಹೊರಡೋ ಮುಂಚೆ ಮಕ್ಕಳನ್ನ ನೋಡೋದು ನಿನ್ನ ಹಕ್ಕು, ಅದನ್ನೂ ಕೋರ್ಟೇ ಹೇಳಿದೆ. ಇವಳು ನನ್ನ ಮಗಳು ಅಂತ ಒಂದು ಮಾತು ಹೇಳು, ಬರ್ಕೋತೀನಿ. ನೆಮ್ಮದಿಯಾಗಿ ಕೂತು, ಅವಳ ಕೈತುತ್ತು ತಿಂದು ಹೋಗು.”

ಹುಡುಗಿ ಡಬ್ಬಿಯನ್ನು ಸೊಫುರಾಳ ಮುಂದೆ ಹಿಡಿದಳು. ಅವಳು ಬಾಯಿ ತೆರೆಯುವ ಮೊದಲೇ ಸೊಫುರಾ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು.

“ಬೇಡ ಸಾರ್. ಯಾರ್ಯಾರೋ ತಂದುಕೊಟ್ಟ ಊಟ ನಾನು ತಿನ್ನಲ್ಲ.”