ಬೆರಳಿಗೆ ತಾಗಿದ ಪೆಟ್ರೋಲು

ಬಂಡುಂಗ್ ನಗರದ ನಕ್ಷೆಯ ಮೇಲೆ ಓಡುತ್ತಿದ್ದ ಬಗ್ಯೊನ ಬೆರಳು ಒಂದು ಬೀದಿಯಲ್ಲಿ ನಿಂತಿತು. "ರಜೆಯ ಮೊದಲ ದಿನ ಇಲ್ಲಿ ಹೆಂದಾರ್ ಅನ್ನೋನ ಶೆಡ್ಡಿಗೆ ಹೋಗೋಣ. ಐವತ್ತಾರನೇ ಇಸವಿಯ ಬಿಎಸ್‌ಎ ಬೈಕು ಇಟ್ಟಿದ್ದಾನಂತೆ. ನಿಂಗೆ ಬೇಜಾರಾದ್ರೆ ಅಂಗಡಿ ಸುತ್ತು, ಲಾಸ್ತ್ರಿ."

ಹೆಂಡತಿ ಸಲಾಕ್ ಹಣ್ಣಿನ ಸಿಪ್ಪೆ ಬಿಡಿಸುತ್ತ, ತಲೆಯೆತ್ತದೆ ಹೇಳಿದಳು: "ಅದು ಸುಮ್ನೆ ಒದ್ರೆ ಶುರುವಾಗಲ್ಲ ರೀ. ಕಾರ್ಬುರೇಟರಿನ ಗುಂಡಿ ಒತ್ತಿ ಹಿಡೀಬೇಕು, ಬೆರಳಿಗೆ ಪೆಟ್ರೋಲು ತಾಗೋವರೆಗೆ."

ಬೈಕುಗಳ ಬಗ್ಗೆ ಅವಳು ಎಂದೂ ಬಾಯಿಬಿಟ್ಟವಳಲ್ಲ. "ಯಾರು ಹೇಳಿದ್ರು ನಿಂಗೆ?"

"ಹೇಳೋದೇನು? ಹೆಂದಾರ್ ಒದೀತಿದ್ದ, ನಾನು ಒತ್ತಿ ಹಿಡೀತಿದ್ದೆ. ನಿಮ್ಮನ್ನ ನೋಡೋಕೆ ಮುಂಚೆ." ಹೆಬ್ಬೆರಳಿನಿಂದ ಅವಳು ತೋರುಬೆರಳ ತುದಿಯನ್ನು ಮೆಲ್ಲಗೆ ಉಜ್ಜಿಕೊಂಡಳು.

ಬಗ್ಯೊ ಆ ಬೆರಳನ್ನೇ ನೋಡುತ್ತ ನಕ್ಷೆ ಮಡಚಿದ. "ಸುರಬಾಯಾಕ್ಕೆ ಹೋಗೋಣ," ಎಂದ. "ಅಲ್ಲೂ ಹಳೇ ಬೈಕುಗಳಿವೆ."